ಟಿಕ್

ದನಿಯನ್ನು ಕೋಪನ್‌ಹೇಗನ್ನಿನ ಆಸ್ಪತ್ರೆಯಲ್ಲಿ ಬಿಟ್ಟು
ಫೆಬ್ರವರಿಯಲ್ಲಿ ಊರಿಗೆ ಬಂದಿಳಿದೆ.
ಕೊರಳಗುಳಿಯಲ್ಲೊಂದು ತೂತು, ಅದರ ಮೇಲೊಂದು ಅರಿವೆ.
ಉಸಿರಿಗೆ ದಾರಿಯುಂಟು, ಮಾತಿಗಿಲ್ಲ.

ಒಂದು ಕಾಲಕ್ಕೆ ಇಡೀ ಸ್ಕಾಲವಿಕ್ಕಿಗೆ ಕೇಳುತ್ತಿತ್ತು ನನ್ನ ಕೂಗು.
ಗುಡ್ಡದ ನೆತ್ತಿಯಲ್ಲಿ ಗಾಳಿಗೆ ಎದೆಗೊಟ್ಟು
ಎಡಕ್ಕೆ ಅಂದರೆ ಎಡಕ್ಕೆ ಹರಿಯುತ್ತಿತ್ತು ಕುರಿಹಿಂಡು,
ಅದರ ಅಂಚಿಗೆ ಕಪ್ಪು ದಾರದ ಹೊಲಿಗೆ, ಸ್ಕುಗ್ಗಿ.
ಕೂಗಿಗೆ ಬಾರದಿದ್ದರೆ ಕೈ ಇತ್ತು.
ಅದನ್ನೂ ಬರೆದುಬಿಡುತ್ತೇನೆ. ಕೈ ಇತ್ತು.
ನನ್ನಪ್ಪನಿಗೂ ಇತ್ತು ಅದೇ ಕೈ,
ನಾಯಿಗೂ ನನಗೂ ಭೇದ ಎಣಿಸಿದ್ದಿಲ್ಲ.

ಈಗ ಬಾಯಿ ತೆರೆದರೆ
ಹಳೇ ತಿದಿಯ ಹಾಗೆ ಕೊರಳು ಬುಸ್ಸೆನ್ನುತ್ತದೆ.
ಸ್ಕುಗ್ಗಿ ತಲೆ ವಾರೆ ಮಾಡಿ ನೋಡುತ್ತಾನೆ,
ಯಜಮಾನ ಒಳಗೇ ಇದ್ದಾನೆ,
ಯಾಕೋ ಬಾಗಿಲು ತೆಗೆಯುತ್ತಿಲ್ಲ ಎಂಬಂತೆ.

"ಹಾನುಸ್, ಸನ್ನೆ ಕಲಿಸು," ಅಂದಳು ರನ್ವಾ,
ಗುರುವಾರ ಸಂಜೆ ಶಾಲೆಯ ಆಟದ ಕೋಣೆಯಲ್ಲಿ
ನಾಯಿಗಳಿಗೆ ಪಾಠ ಹೇಳುವವಳು.
ಒಂಬತ್ತು ತುಂಬಿದ ನಾಯಿ, ಅರವತ್ತೆಂಟರ ನಾನು.
ನೆರೆಮನೆಯ ಯೋಗ್ವನ್ ನಕ್ಕ:
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?
ಮರವೇ ಕಾಣದ ಈ ಫ್ಯಾರೋ ಗುಡ್ಡಗಳಿಗೆ
ಎಲ್ಲಿಂದ ತೇಲಿಬಂತೋ ಆ ಗಾದೆ,
ಕೇಳೋಣವೆಂದರೆ ದನಿಯಿಲ್ಲ.

ಮೊದಲ ಪಾಠ.
ಅಂಗೈ ಎತ್ತಿದೆ. ಕೂತುಕೋ ಎಂಬ ಸನ್ನೆ.
ಸ್ಕುಗ್ಗಿ ಕೂರಲಿಲ್ಲ.
ಕಿವಿ ತಲೆಗೆ, ಹೊಟ್ಟೆ ನೆಲಕ್ಕೆ ಅಂಟಿದವು.
ಕಣ್ಣು ಮುಚ್ಚಿ ಕಾದ,
ಏಟಿಗೆ.
ನುಣುಪು ಹಲಗೆಯ ಮೇಲೆ ಸಣ್ಣಗೆ ಒದ್ದೆ ಹರಡಿತು.
ಕೋಣೆಯಲ್ಲಿ ಏಳು ಜನ, ಏಳು ನಾಯಿ.
ನನ್ನ ಕೈ ಇಷ್ಟು ವರ್ಷ ಹೇಳಿಕೊಟ್ಟದ್ದನ್ನೆಲ್ಲ
ಬಾಯಿಪಾಠ ಒಪ್ಪಿಸಿಬಿಟ್ಟಿದ್ದ ಅವನು,
ಒಂದಕ್ಷರ ತಪ್ಪದೆ.

ರನ್ವಾ ಏನೂ ಅನ್ನಲಿಲ್ಲ.
ನೆಲ ಒರೆಸಿದಳು.
ಹೆಬ್ಬೆರಳಗಲದ ಡಬ್ಬಿಯೊಂದನ್ನು ನನ್ನ ಅಂಗೈಗಿಟ್ಟಳು,
ಒತ್ತಿದರೆ ಟಿಕ್.
"ಟಿಕ್ ಅಂದರೆ ಹೌದು. ಹೌದಿನ ಬೆನ್ನಿಗೇ ಮೀನು.
ಇಲ್ಲ ಅನ್ನಲು ಗುಂಡಿ ಇಲ್ಲ, ಹುಡುಕಬೇಡ."

ಹುಡುಕಿದೆ. ನಿಜವಾಗಿಯೂ ಇರಲಿಲ್ಲ.

ಅಡುಗೆಮನೆಯಲ್ಲಿ ಶುರುಮಾಡಿದೆವು.
ಕೈ ಮಂಡಿಯ ಮೇಲೆ, ಒಂದು ಬೆರಳಷ್ಟೇ ಅಲುಗಿತು.
ಅವನು ಓಡಲಿಲ್ಲ. ಟಿಕ್. ಒಣಮೀನಿನ ಚೂರು.
ಮಂಡಿಯಿಂದ ಒಂದಂಗುಲ ಮೇಲೆ. ಟಿಕ್. ಚೂರು.
ತುಂಬಿದ ಬೋಗುಣಿ ಎತ್ತುವ ಹಾಗೆ
ನನ್ನ ಕೈಯನ್ನು ನಾನೇ ತುಳುಕದಂತೆ ಎತ್ತಿದೆ.
ಎದೆಮಟ್ಟಕ್ಕೆ ಬರಲು ಒಂದು ತಿಂಗಳು ಹಿಡಿಯಿತು.
ನಡುವೆ ಒಮ್ಮೆ ಕಪಾಟಿನ ಬಾಗಿಲು ಧಡ್ಡೆಂದು
ಮತ್ತೆ ಮಂಡಿಗೇ ಇಳಿದೆವು.
ಕೋಟಿನ ಜೇಬೆಲ್ಲ ಮೀನು.
ಚರ್ಚಿನಲ್ಲಿ ಪಕ್ಕದವರು ಸರಿದು ಕೂತರು.

ಏಪ್ರಿಲ್ಲಿನ ಒಂದು ಬೆಳಗ್ಗೆ ಕೈ ತಲೆಯ ಮೇಲೆ ಹೋಯಿತು.
ಸ್ಕುಗ್ಗಿಯ ರೆಪ್ಪೆ ಒಮ್ಮೆ ಬಡಿಯಿತು, ಮುಚ್ಚಲಿಲ್ಲ.
ಕೈ ದಾಟಿ ನನ್ನ ಮುಖ ನೋಡಿದ. ಕೂತ.
ಡಬ್ಬಿ ಒತ್ತುವುದು ಮರೆತೇಹೋಯಿತು ನನಗೆ.
ಅವನು ಕಾದ, ಕಲಿಯುವವರೊಡನೆ ತಾಳ್ಮೆಯಿಂದಿರುವ
ಮೇಷ್ಟರ ಹಾಗೆ.

ಅಕ್ಟೋಬರಿನಲ್ಲಿ ಕುರಿ ಕೂಡಿಸಲು ಗುಡ್ಡಕ್ಕೆ ಹೋದೆವು.
ಅರ್ಧ ಹತ್ತುವಷ್ಟರಲ್ಲಿ ಮಂಜು ಕವಿಯಿತು.
ಸನ್ನೆಗೆ ಕಣ್ಣು ಬೇಕಲ್ಲ!
ಬಿಳುಪಿನೊಳಗೆ ಕೈ ಬೀಸಿದೆ, ನನಗೇ ಕಾಣಲಿಲ್ಲ ನನ್ನ ಕೈ.
ಎಲ್ಲೋ ಯೋಗ್ವನ್ ಗಂಟಲು ಹರಿಯುವಂತೆ ಕೂಗುತ್ತಿದ್ದ,
ಹೊಟ್ಟೆಕಿಚ್ಚಾಯಿತು.
ಕಲ್ಲಿಗೊರಗಿ ಡಬ್ಬಿ ಒತ್ತುತ್ತಾ ಕೂತೆ,
ಟಿಕ್, ಟಿಕ್,
ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುವಷ್ಟು ಸದ್ದು.

ಕುರಿ ಒಂದೂ ಬರಲಿಲ್ಲ.
ಸ್ಕುಗ್ಗಿ ಬಂದ. ಮೈಯೆಲ್ಲ ನೀರು, ಕಾಲಿಗೆ ಕೆಸರು.

ಜೇಬಿಗೆ ಕೈ ಹಾಕಿದರೆ ಖಾಲಿ.
ಹೌದು ಅಂದಮೇಲೆ ಬರಿಗೈ ತೋರಬಾರದು,
ರನ್ವಾ ನೋಡಿದ್ದರೆ ಬೈಯುತ್ತಿದ್ದಳು.
ತೋರಿಸಿದೆ, ಇನ್ನೇನು ಮಾಡಲಿ.
ಅಂಗೈಯಲ್ಲಿ ಉಳಿದಿದ್ದ ಮೀನಿನ ವಾಸನೆಯನ್ನು
ಅವಸರವಿಲ್ಲದೆ ನೆಕ್ಕಿದ,
ಒಂದೊಂದೇ ಬೆರಳು.