ಯಾರ ಪೈಕಿ

ಹಿಯುಮಾ ದ್ವೀಪದ ಹಡಗುಕಟ್ಟೆ, ಟಿಕೆಟ್ ಗೂಡು.
ಉರ್ವೆ ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು
ಒಂಟಿ ಬೆರಳಲ್ಲಿ ಕುಟ್ಟುತ್ತಾಳೆ:
ಯೂನೇಮ್, ಅಡ್ಡಗೆರೆ, ಎ.
ಕರಿ ಪರದೆಗೆ ಕೇಳಿದ್ದು ಇಷ್ಟೇ,
ನೀನು ಯಾರ ಪೈಕಿ?

ಮುಚ್ಚುಮರೆಯಿಲ್ಲ ಅದಕ್ಕೆ. ಒಂದೇ ಉಸಿರಿಗೆ
ಕುಲ, ಕರ್ನಲ್ಲು, ಕಟ್ಟಿದ ತಾರೀಖು,
ಅರವತ್ನಾಲ್ಕು ಬಿಟ್ಟಿನ ಮೈಕಟ್ಟು.
ಹೆಸರು: ಮುಸ್ತಿ.

ಮುಸ್ತಿ ಅಂದರೆ ಎಂಡೆಲ್ ಸಾಕಿದ್ದ ನಾಯಿ,
ಹಡಗು ಕಂಡಾಗಲೆಲ್ಲ ಬೊಗಳುತ್ತಿದ್ದದ್ದು.
ಈ ಪೆಟ್ಟಿಗೆಗೆ ತಂತಿ ಸಿಕ್ಕಿಸಿದವನೂ ಅವನೇ.
ಹೋದ ಚಳಿಗಾಲ ಮೊದಲು ನಾಯಿ,
ಆಮೇಲೆ ಅವನು.

ಎದ್ದು ಎಷ್ಟು ದಿನವಾಯ್ತು?
ಒಂಬೈನೂರ ಹನ್ನೊಂದು, ಅಂತು.

ತಾಲಿನ್‌ನಿಂದ ಕಾಗದ ಬಂದಿದೆ:
ಹೊಸ ಕರ್ನಲ್ ಹಾಕಿ, ಮಲಗಿಸಿ ಎಬ್ಬಿಸಿ,
ಹೆಸರು ಇನ್ನು ಟಿಕೆಟ್ ಏಳು.

ಮಲಗಿಸಿದಳು. ಎಬ್ಬಿಸಿದಳು.
ಹೆಸರಿನ ಸಾಲಿಗೆ ಬಂದಾಗ
ಕಾಫಿ ಬಗ್ಗಿಸಿಕೊಳ್ಳಲು ಎದ್ದುಹೋದಳು.

ಮಂಜಿನಾಚೆ ಹಡಗು ಕೂಗಿತು.
ಮೇಜಿನಡಿ
ಪಂಕ ಗುರ್ ಎಂದಿತು.