ಅಳು ಇಲ್ಲದ ಖೋಲಿ

ನೋಡಾಕ ಬಂದ ಸಾಹೇಬ್ರು ಬಾಗಿಲ್ದಾಗೇ ನಿಂತು
"ಏನ್ ಶಾಣ್ಯಾ ಕೂಸಗೋಳು, ಒಂದರ ಅಳತದೇನು!" ಅಂದ್ರು.
ಹನ್ನೆರಡು ತೊಟ್ಟಿಲ. ಹನ್ನೆರಡೂ ಎಚ್ಚರ.
ಹಸೀನಾಬಿ ನನ್ನ ಮಾರಿ ನೋಡಿದಳು, ನಾ ಆಕಿ ಮಾರಿ.
ಭೇಟಿ ಪುಸ್ತಕದಾಗ 'ಸಮಾಧಾನಕರ' ಅಂತ ಬರದು
ಚಹಾ ಕುಡದು ಹ್ವಾದ್ರು.

ಸಮಾಧಾನ ಅಲ್ರೀ ಅದು.
ಕರದು ಕರದು ಯಾರೂ ಬರಲಿಲ್ಲಂದ್ರ
ಕೂಸು ಕರಿಯೋದು ಬಿಡ್ತಾವ.
ಬಾಗಿಲಾ ಬಡದು ಸಾಕಾದ ಬೀಗರಂಗ
ತಿರುಗಿ ಹೋಗ್ತಾವ, ತಮ್ಮ ಒಳಗ.

ಇಬ್ಬರು ನಾವು. ಹನ್ನೆರಡು ಬಾಯಿ.
ಟವೆಲ್ ಸುರುಳಿ ಮಾಡಿ ಬಾಟಲಿಗೆ ಒತ್ತ ಕೊಟ್ಟು
ಒಂದರಿಂದ ಒಂದಕ್ಕ ಹೋಗೂದ್ರಾಗ
ಮೊದಲಿಂದು ಒದ್ದಿ.
ತೂಕಾ ಏರತಿತ್ತು, ಖರೇ.
ಗ್ವಾಡಿಗಿನ ಹಾಳ್ಯಾಗ ಗೆರಿ ಹಸರ ಪಟ್ಟ್ಯಾಗೇ ಇತ್ತು.
ಹಿಂದಲೆ ಮಾತ್ರ ಸಪಾಟ, ಕೂದಲ ಸವದು
ರೂಪಾಯಿ ಅಗಲ ಬಯಲು.

ಅವು ನಕ್ಕಿದ್ದೂ ನೋಡೀನಿ. ಫ್ಯಾನಿಗೆ.
ಮೂರು ರೆಕ್ಕಿದು, ಹಗಲೂ ರಾತ್ರಿ ಮ್ಯಾಲೇ ಇರ್ತಿತ್ತು,
ರಜಾ ಹಾಕ್ತಿದ್ದಿಲ್ಲ, ಪಾಳಿ ಬದಲಾಗ್ತಿದ್ದಿಲ್ಲ.
ಕಲಬುರಗಿ ಬ್ಯಾಸಗ್ಯಾಗ ಕರೆಂಟ್ ಹೋದ ಮಧ್ಯಾಹ್ನ
ಹನ್ನೆರಡು ಜೋಡಿ ಕಣ್ಣು ಒಮ್ಮೆಲೇ
ಏನೋ ಕಳಕೊಂಡಂಗ ಹುಡುಕಿದ್ವು.

ಆಕಿ ಏಳನೇ ತೊಟ್ಟಿಲದಾಕಿ.
ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನ ಹಿಂದ ಸಿಕ್ಕಾಕಿ.
ಹೆಸರು ಇಂಚರಾ. ಇಟ್ಟವರು: ಸಮಿತಿ.
ಹತ್ತು ತಿಂಗಳಾದ್ರೂ ಒಂದು ದನಿ ಇಲ್ಲ.
ತನ್ನ ತಾನೇ ತೂಗ್ತಿದ್ದಳು,
ಎಡಕ್ಕ ಬಲಕ್ಕ, ಎಡಕ್ಕ ಬಲಕ್ಕ,
ತೊಟ್ಟಿಲಾ ಮಲಗಿಸಾಕ ಆಕೀನೇ ಬಂದಂಗ.

ಆಮ್ಯಾಲೆ ತರಬೇತಿ ಮೇಡಂ ಬಂದು ಸಣ್ಣ ಮಾತು ಹೇಳಿದ್ರು:
ಆರು ನಿಮಗ, ಆರು ಅವರಿಗೆ. ಅದಲ್ ಬದಲ್ ಮಾಡಬ್ಯಾಡ್ರಿ.
ಒಂದೇ ಕೈ, ಒಂದೇ ವಾಸನಿ.
ಕಪಾಟಿನ ಮ್ಯಾಲ ಗೊಂಬಿಗಳಿದ್ವು, ಯಾರೋ ದಾನ ಕೊಟ್ಟದ್ದು,
ಎಣಿಕಿ ತಪ್ಪಬಾರದಂತ ಪ್ಲಾಸ್ಟಿಕ್ ಬಿಚ್ಚಿದ್ದಿಲ್ಲ.
ಹಸೀನಾಬಿ ಹಲ್ಲಿಲೇ ಹರದಳು.
ಶಹಾಬಾದ ಕಲ್ಲಿನ ತಂಪ ನೆಲಕ್ಕ ಬಿಟ್ವಿ ಕೂಸಗಳ್ನ.
ಬೋರಲ ಬಿದ್ದು ಮೊದಲ ಸಲ
ನೆಲ ನೋಡಿದ್ವು.
ಇರುವಿ ನೋಡಿದ್ವು.

ನಾ ಹಡದ ಮೂರು ಅಳಬಾರದಂತ ಹರಕಿ ಹೊತ್ತಾಕಿ ನಾ.
ಈಗ ದರ್ಗಾಕ್ಕ ಹೋಗಿ
ಇದೊಂದು ಅಳಲಿ ಅಂತ ಸಕ್ರಿ ಓದಿಸೀನಿ.
ಓದಿದಾಂವ ನನ್ನ ಮ್ಯಾಲಿಂದ ಕೆಳಗ ನೋಡಿದ.

ಶ್ರಾವಣ ಸೋಮವಾರ, ಪಾಳಿ ಮುಗಿಸಿ ಚಪ್ಪಲಿ ಮೆಟ್ಟಾಕತ್ತಿದ್ದೆ.
ಹಿಂದ ಒಂದು ದನಿ.
ಸಣ್ಣದು, ತುಕ್ಕು ಹಿಡದದ್ದು,
ಭಾಳ ದಿನಾ ಮುಚ್ಚಿದ ಟ್ರಂಕಿನ ಕೊಂಡಿ ತಗದಂಗ.
ಆಮ್ಯಾಲೆ ಖೋಲಿ ತುಂಬ.
ಬಾಯಾರು ಓಡಿ ಬಂದ್ರು: "ಏನಾತು? ಬಿತ್ತೇನು?"
ಇಲ್ರೀ, ಅಂದೆ. ನಾ ಹೊಂಟಿದ್ದು ಗೊತ್ತಾತು ಆಕಿಗೆ.
ಅವತ್ತು ನಾ ಮನಿ ಮುಟ್ಟಿದ್ದು ದೀಪಾ ಹಚ್ಚೂ ಹೊತ್ತಿಗೆ.

ಒಂದರ ಹಿಂದ ಒಂದು. ಖೋಲಿ ಈಗ ಸಂತಿ.
ಅದೇ ಸಾಹೇಬ್ರು ಮತ್ತ ಬಂದು, ಕಿವಿ ಮುಚಗೊಂಡು
'ಸುಧಾರಣೆ ಅಗತ್ಯ' ಅಂತ ಬರದಾರ.

ಮಾರ್ಚ್ ಮೂವತ್ತೊಂದಕ್ಕ ನನ್ನ ಗುತ್ತಿಗಿ ಮುಗೀತದ.
ಏಜೆನ್ಸಿ ಬ್ಯಾರೆ, ಪಟ್ಟಿ ಬ್ಯಾರೆ.
ಯಾರೂ ಬರೂದಿಲ್ಲಂತ ಒಪ್ಪಗೊಂಡಿದ್ದ ಕೂಸಿಗೆ
ಬರ್ತಾರ ಅಂತ ಕಲಿಸಿದಾಕಿ ನಾನೇ.
ಹಳೀ ಸೀರಿ ಆರು ತುಂಡು ಹರದು ಹಾಸಿಗಿ ಕೆಳಗ ಇಟ್ಟೀನಿ.
ಬುಧವಾರ ಎಲ್ಲಾ ಅರಬಿ ಕುದಿಸಿ ಒಗೀಬೇಕಂತ ನಿಯಮ ಅದ.

ಹೊಸಾಕಿ ಚಿತ್ತಾಪುರ ಕಡ್ಯಾಕಿ, ಮೋನಮ್ಮ, ಇನ್ನೂ ಸಣ್ಣ ವಯಸ್ಸು.
ಹೇಳೀನಿ ಆಕಿಗೆ:
ಏಳನೇದಕ್ಕ ಎಡ ಹೆಗಲು ಬೇಕು.
ಹಾಲು ಜರಾ ಬೆಚ್ಚಗ.
ಮೂರು ದಿನಾ ನಿನ್ನ ಮಾರಿ ನೋಡೂದಿಲ್ಲ,
ಬಾಗಿಲಾ ನೋಡಿ ಅಳ್ತಾಳ. ಸಿಟ್ಟಿಗೇಳಬ್ಯಾಡ.
ಕೈಯಾಗಿನ ಕೆಲಸ ಅಲ್ಲೇ ಬಿಟ್ಟು
ಹೋಗವ್ವಾ.