ಹೆಸರು ಹಿಡಿಸದ ಜಾಗ

ಹೆಸರಿಗೆ ಮಸಿ ಬಳಿಯುವುದು ನನ್ನ ಕಸುಬು.
ನರಿನ್ ಪಟ್ಟಣದ ಹುಲ್ಲುಗಾವಲು ಸಮಿತಿ, ಎರಡನೇ ಮಹಡಿ,
ಸುಟ್ಟ ವಾಸನೆಯ ಹೀಟರು, ಹಳೇ ಕಂಪ್ಯೂಟರು, ನಾನು ನುರ್ಜಾತ್.
ಮಂದೆ ಬೆಟ್ಟ ಹತ್ತುವ ಮೊದಲು
ತೊರೆಗೆ, ದಿನ್ನೆಗೆ, ಕಲ್ಲಿನ ಸಂದಿಯ ಒರತೆಗೆ
ಕುದುರೆಯ ಮೇಲೆ ಕೂತವನಿಗೂ ಕಾಣುವ ಹಾಗೆ
ಹೆಸರು ಕೂರಿಸಬೇಕು.

ಮೊದಲ ದಿನ ಎಲ್ಲ ಲೇಬಲ್ಲುಗಳನ್ನೂ ಒಟ್ಟಿಗೇ ಹಚ್ಚಿದೆ.
ಪರದೆಯ ತುಂಬ ಇರುವೆಗೂಡು ಒಡೆಯಿತು.
ದಾರಿಯ ಮೇಲೆ ತೊರೆ, ತೊರೆಯ ಮೇಲೆ ಶಿಖರ,
'ಕುದುರೆ ಸತ್ತ ಕಣಿವೆ'ಯ ಬಾಲ
'ಮದುಮಗಳು ಹೋದ ದಿನ್ನೆ'ಯ ಬಾಯೊಳಗೆ.
ಸಾಲದ್ದಕ್ಕೆ ಆ ಚಂದದ ಫಾಂಟಿನಲ್ಲಿ
ನಮ್ಮ ಮೂರು ಅಕ್ಷರಗಳೇ ಇಲ್ಲ,
ರಷ್ಯನ್ನರಿಗೆ ಬೇಡವಾದವು, ನಮಗೆ ಇಲ್ಲದೆ ಆಗದವು.
ಅವಿದ್ದಲ್ಲೆಲ್ಲ ಖಾಲಿ ಚೌಕ.
ಸರೋವರ ಎನ್ನುವ ನಮ್ಮ ಪುಟ್ಟ ಮಾತಿನ ನಟ್ಟನಡುವೆ
ಹಲ್ಲು ಬಿದ್ದ ಕಿಂಡಿ.

ಫಾಂಟು ಬದಲಿಸಿದೆ. ಅಕ್ಷರದ ಸುತ್ತ ಬಿಳಿ ಅಂಚು ಕೊಟ್ಟೆ,
ಚಳಿಯಲ್ಲಿ ಕುದುರೆಯ ಮೂತಿಯ ಸುತ್ತ
ಅದರದೇ ಉಸಿರು ನಿಂತ ಹಾಗೆ.
ಡಿಕ್ಕಿಯಾದರೆ ಒಂದನ್ನು ಕೈಬಿಡು ಎಂದೆ.
ಸಾಫ್ಟ್‌ವೇರು ಕೈಬಿಟ್ಟಿತು.
ನಕ್ಷೆ ತೊಳೆದಿಟ್ಟ ತಟ್ಟೆಯಾಯಿತು.

ಗುರುವಾರ ಸುಯುಮ್‌ಕಾನ್ ಅಜ್ಜಿ ಬಂದರು,
ಜೇಬಿನ ತುಂಬ ಒಣಮೊಸರಿನ ಉಂಡೆ,
ಒಂದು ಕಡ್ಡಿಗೆ ದಾರ ಕಟ್ಟಿದ ಕನ್ನಡಕ.
ಶಾಲೆಯಲ್ಲಿ ಹಾಜರಿ ಕರೆದ ಹಾಗೆ
ಒಂದೊಂದೇ ಹೆಸರು ಓದಿ, ನಿಂತರು.
"ನನ್ನ ಒರತೆ?"
ಮೌಸಿನ ಚಕ್ರ ತಿರುಗಿಸಿ ಹಿಗ್ಗಿಸಿದೆ. ಬಂತು.
"ಕಾಗದಕ್ಕೂ ಚಕ್ರ ಇರುತ್ತದೇನೆ?"

ಇರುವುದಿಲ್ಲ.
ಎರಡು ಒರತೆ, ನಡುವೆ ನೂರೈವತ್ತು ಹೆಜ್ಜೆ,
ಕಾಗದದಲ್ಲಿ ಎರಡು ಮಿಲಿಮೀಟರು.
ಒಂದರಲ್ಲಿ ಅಧ್ಯಕ್ಷ ಕುಬಾತ್‌ಬೆಕ್‌ನ ಕುದುರೆಗಳು,
ಇನ್ನೊಂದರಲ್ಲಿ ಇವರ ನಲವತ್ತು ಕುರಿ.
ಯಂತ್ರಕ್ಕೆ ಅಧ್ಯಕ್ಷನ ಪರಿಚಯವಿಲ್ಲ.
ಪಟ್ಟಿಯಲ್ಲಿ ಅವನದು ಮೇಲಿನ ಸಾಲು, ಅಷ್ಟೇ.
ಪಟ್ಟಿ ಬರೆದವಳು ನಾನು.

ಎರಡನ್ನೂ ಕೈಯಿಂದ ಸರಿಸಿದೆ, ಒಂದು ಎಡಕ್ಕೆ, ಒಂದು ಕೆಳಕ್ಕೆ.
ಅಜ್ಜಿ ಏಳಲಿಲ್ಲ.
"ತೊರೆಯ ಹೆಸರು ಉಲ್ಟಾ ಬರೆದಿದ್ದೀಯ.
ನೀರು ಪಡುವಣಕ್ಕೆ ಇಳಿಯುತ್ತೆ, ನಿನ್ನ ಅಕ್ಷರ ಮೂಡಣಕ್ಕೆ ಹತ್ತುತ್ತೆ."
ನೀರಿನ ಜೊತೆ ಬರೆದರೆ ತಲೆಕೆಳಗಾಗುತ್ತದೆ ಅಜ್ಜಿ, ಎಂದೆ.
ಕತ್ತು ವಾಲಿಸಿ ನೋಡಿದರು ತುಂಬ ಹೊತ್ತು.
"ಆಗಲಿ. ಮೀನೂ ಹಾಗೇ ಹತ್ತುತ್ತೆ."

ಕೊನೆಗೆ ಹಿಮನದಿ.
ನಿಯಮ: ಗಡಿಯೊಳಗೆ ಹಿಡಿಸಿದರೆ ಮಾತ್ರ ಹೆಸರು ತೋರಿಸು.
ಹನ್ನೊಂದು ವರ್ಷದ ಹಿಂದಿನ ಪದರದಲ್ಲಿ
ಹದಿನಾಲ್ಕರ ಅಕ್ಷರ ಮೈಚಾಚಿ ಮಲಗಿತ್ತು.
ಈ ಆಗಸ್ಟಿನ ಉಪಗ್ರಹಚಿತ್ರ ನೋಡಿ ಗಡಿ ಎಳೆದೆ,
ಹೆಸರು ಮಾಯ.
ಹತ್ತಕ್ಕಿಳಿಸಿದೆ, ಎಂಟಕ್ಕೆ, ಆರಕ್ಕೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನಬಹುದು ಹೆಸರಿಗೆ;
ಹಾಸಿಗೆಯೇ ಕರಗುತ್ತಿದ್ದರೆ?

ಹೆಸರನ್ನು ಹೊರಗೆ ಎತ್ತಿ ಬೋಳು ಬಂಡೆಯ ಮೇಲಿಟ್ಟೆ,
ಅಲ್ಲಿಂದ ಹಿಮಕ್ಕೆ ಕೂದಲೆಳೆಯಂಥ ಗೆರೆ.
"ಹಗ್ಗ ಕಟ್ಟಿದೆಯಾ?" ಎಂದರು ಅಜ್ಜಿ.
ನಗುತ್ತಿದ್ದರೋ ಇಲ್ಲವೋ, ಕನ್ನಡಕ ಬೆಳಕು ಹಿಡಿದಿತ್ತು.

ಸೆಪ್ಟೆಂಬರಿನಲ್ಲಿ ಮಂದೆ ಇಳಿಯಿತು, ನಕ್ಷೆಯೂ ಇಳಿಯಿತು.
ಮಡಿಕೆಗಳಲ್ಲಿ ಜಿಡ್ಡು, ಮೂಲೆಯಲ್ಲಿ ಚಹಾದ ಉಂಗುರ.
ಯಾರೂ ಹೋಗದ ಶಿಖರಗಳು ಅಚ್ಚುಹಾಕಿದ ದಿನದ ಹಾಗೇ ಸ್ಪಷ್ಟ.
ಎರಡು ಒರತೆಗಳ ಹೆಸರು ಮಾತ್ರ
ಬೆರಳಿಟ್ಟು ಬೆರಳಿಟ್ಟು, ಇದು ನಂದು, ಅದು ನಿಂದು,
ಪೂರಾ ಅಳಿಸಿವೆ.

ಫೈಲು ಮತ್ತೆ ತೆರೆದೆ.
ಒರತೆಗಳಿಗೆ ಕಪ್ಪು ಮಸಿಯನ್ನೇ ಕೊಟ್ಟೆ, ದಪ್ಪ ಅಕ್ಷರ.
ಹಿಮದ ಗಡಿ ತಿದ್ದಿ
ಹಗ್ಗವನ್ನು ಅರ್ಧ ಮಿಲಿಮೀಟರು ಉದ್ದ ಮಾಡಿದೆ.